ಟ್ರಂಕು, ಬಕೆಟ್ಟು, ಬೀಗ: ಹಾಸ್ಟೆಲ್ ಪ್ರಶ್ನೆಗಳಿಗೆ ಹಳೇ ವಾರ್ಡನ್ ಉತ್ತರ

ಪಿಯುಸಿ ಫಲಿತಾಂಶ ಬಂದು ಡಿಗ್ರಿ ಅಡ್ಮಿಷನ್ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಹಾಸ್ಟೆಲ್ ವಿಚಾರವೇ. ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ವಾರ್ಡನ್ ಆಗಿ ತಲೆ ಬೆಳ್ಳಗಾದವಳು ನಾನು. ನಿವೃತ್ತಿಯಾದ ಮೇಲೂ ಬೆಳಗಿನ ಐದಕ್ಕೆ ಎಚ್ಚರವಾಗುತ್ತದೆ, ನೀರಿನ ಮೋಟರ್ ಹಾಕಿದರೋ ಇಲ್ಲವೋ ಅಂತ. ಈ ಸಲ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಅಕ್ಕಾವರೇ, ಮಗಳಿಗೆ ಧಾರವಾಡದಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ. ಕಾಲೇಜಿನ ಹಾಸ್ಟೆಲ್‌ನಲ್ಲೇ ರೂಮು, ಒಂದು ರೂಮಿಗೆ ಮೂವರು. ಏನೇನು ಕಳಿಸಬೇಕು ಅಂತ ಬರೆಯುತ್ತಾ ಹೋದೆ, ಪಟ್ಟಿ ಎರಡು ಪುಟ ಆಯಿತು. ಅವರಪ್ಪ ನೋಡಿ, "ಏನ್ ಗಂಡನ ಮನಿಗೆ ಕಳಸಾಕತ್ತಿಯೇನ?" ಅಂತ ನಗುತ್ತಾರೆ. ನೀವೇ ಹೇಳಿ. (ತಾಯಿ, ಸಿಂದಗಿ)

ಉತ್ತರ: ಯಜಮಾನರು ನಗುವುದರಲ್ಲಿ ತಪ್ಪಿಲ್ಲ ತಾಯಿ. ಮೂವರ ರೂಮಿನಲ್ಲಿ ಅವಳ ಪಾಲಿಗೆ ಬರುವುದು ಒಂದು ಕಾಟು, ಒಂದು ಟೇಬಲ್ಲು, ಗೋಡೆಯ ಕಪಾಟಿನಲ್ಲಿ ಒಂದೆರಡು ಹಲಗೆ. ಮಿಕ್ಕದ್ದೆಲ್ಲ ಕಾಟಿನ ಕೆಳಗೇ ಹಿಡಿಸಬೇಕು. ಹಾಗಾಗಿ ಪಟ್ಟಿಯನ್ನು ಕಾಟಿನ ಅಳತೆಗೆ ಕತ್ತರಿಸಿ.

ದೊಡ್ಡ ಸೂಟ್‌ಕೇಸ್ ಬದಲು ತಗಡಿನ ಟ್ರಂಕು ಕೊಡಿಸಿ. ಹಳೇ ಕಾಲದ್ದು ಅಂತ ಮಗಳು ಮುಖ ಸಿಂಡರಿಸಬಹುದು. ಆದರೆ ಜಿಪ್ಪು ಕಿತ್ತ ಸೂಟ್‌ಕೇಸಿಗೆ ಬೀಗ ಹಾಕಿ ಏನು ಉಪಯೋಗ? ಟ್ರಂಕಿಗೆ ಇಲಿಯ ಕಾಟವೂ ಇಲ್ಲ. ಬೀಗಕ್ಕೆ ಎರಡು ಕೀಲಿಕೈ ಇರುತ್ತವಲ್ಲ, ಎರಡನ್ನೂ ಒಂದೇ ಗೊಂಚಲಿಗೆ ಸಿಕ್ಕಿಸುವ ಹುಡುಗಿಯರೇ ಜಾಸ್ತಿ. ಇನ್ನೊಂದು ಕೀಲಿಕೈ ನಿಮ್ಮ ಹತ್ತಿರ ಬೇಡ, ಸಿಂದಗಿಯಿಂದ ಬರುವಷ್ಟರಲ್ಲಿ ಬೀಗ ಒಡೆಸಿ ಆಗಿರುತ್ತದೆ. ವಾರ್ಡನ್ ಹತ್ತಿರ ಹೆಸರು ಬರೆದು ಕೊಡಲಿ.

ಬಕೆಟ್ಟಿನ ಮೇಲೆ ಹೆಸರು ಬರೆಸಿ. ಮಾರ್ಕರ್ ಪೆನ್ನಿನಲ್ಲಿ ಬೇಡ, ಸೋಪಿನ ನೀರಿಗೆ ಅಳಿಸಿಹೋಗುತ್ತದೆ. ಪೇಂಟಿನಲ್ಲಿ ಬರೆಸಿ. ಬಂಗಾರ ಕಳೆದ ದೂರಿಗಿಂತ ಬಕೆಟ್ಟು ಕಳೆದ ಜಗಳವನ್ನೇ ನಾನು ಜಾಸ್ತಿ ಬಿಡಿಸಿದ್ದು. ನೀಲಿ ಬಕೆಟ್ಟು ಅಂತೂ ತರಲೇಬೇಡಿ. ಎಲ್ಲರದ್ದೂ ನೀಲಿಯೇ.

ಬಟ್ಟೆ ವಿಷಯಕ್ಕೆ ಬಂದರೆ, ನೀವು ಬಿಸಿಲ ನಾಡಿನವರು, ಬೆಳಗ್ಗೆ ಒಗೆದರೆ ಮಧ್ಯಾಹ್ನಕ್ಕೆ ಒಣಗಿ ಗರಿಗರಿ. ಧಾರವಾಡದ ಜುಲೈ ಹಾಗಲ್ಲ. ಜಿಟಿಜಿಟಿ ಹಿಡಿದರೆ ಬಿಡುವುದೇ ಇಲ್ಲ. ಜೀನ್ಸ್ ಪ್ಯಾಂಟು ಒಗೆದರೆ ಅದು ಒಣಗದೆ ಮುಗ್ಗು ವಾಸನೆ ಹಿಡಿಯುತ್ತದೆ. ತೆಳು ಬಟ್ಟೆ ಕಳಿಸಿ. ರೂಮಿನೊಳಗೆ ಕಟ್ಟಲು ನೈಲಾನ್ ಹಗ್ಗ, ಕ್ಲಿಪ್ಪು, ಗಟ್ಟಿ ಕೊಡೆ, ಒಂದು ಸ್ವೆಟರ್. ಹೊದಿಕೆಗೆ ಅಂಗಡಿಯ ಬ್ಲಾಂಕೆಟ್ ಕೊಳ್ಳಬೇಡಿ, ಮನೆಯ ಕೌದಿ ಕೊಡಿ. ಮಳೆಗಾಲಕ್ಕೆ ಅದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ.

ಅಂಕಪಟ್ಟಿಯ ಅಸಲು ಪ್ರತಿಗಳನ್ನು ಟ್ರಂಕಿನಲ್ಲಿ ಇಟ್ಟು ಬರಬೇಡಿ. ಕಾಲೇಜಿನವರು ತೋರಿಸಿ ಅಂದಾಗ ತೋರಿಸಿ, ವಾಪಸು ಒಯ್ಯಿರಿ. ಅವಳ ಹತ್ತಿರ ನಾಲ್ಕೈದು ಸೆಟ್ ಜೆರಾಕ್ಸು, ಒಂದು ಡಜನ್ ಫೋಟೊ ಇರಲಿ. ಯಾವುದಾದರೂ ಮಾತ್ರೆ ಕಾಯಂ ನುಂಗುತ್ತಿದ್ದರೆ ಅದರ ಚೀಟಿಯ ಒಂದು ಜೆರಾಕ್ಸು ವಾರ್ಡನ್‌ಗೂ ಕೊಡಿ. ಇದನ್ನು ಮುಚ್ಚಿಡುವ ತಾಯಂದಿರು ಇದ್ದಾರೆ. ರಾತ್ರಿ ಹನ್ನೊಂದಕ್ಕೆ ಹುಡುಗಿ ಫಿಟ್ಸ್ ಬಂದು ಬಿದ್ದಾಗ, ಏನು ಅಂತ ಗೊತ್ತಿಲ್ಲದೆ ಆಟೋ ಹುಡುಕುವವರು ನಾವು.

ಇನ್ನು ತಿನ್ನುವುದು. ಇದರಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಡಬ್ಬಿ ಸ್ಟೀಲಿನದೇ ಇರಲಿ, ಮುಚ್ಚಳ ಬಿಗಿ ಇರಲಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಇರುವೆ ಸಾಲು ಹಿಡಿದಿರುತ್ತದೆ. ಶೇಂಗಾ ಹೋಳಿಗೆ ಮಾಡಿದರೆ ಅವಳೊಬ್ಬಳ ಲೆಕ್ಕಕ್ಕೆ ಮಾಡಬೇಡಿ. ಮೊದಲ ದಿನ ಸಂಜೆ ಅಪ್ಪ ಅಮ್ಮ ಹೋದ ಮೇಲೆ ಮೂರು ಹುಡುಗಿಯರು ಮೂರು ಕಾಟಿನ ಮೇಲೆ ಗೋಡೆ ನೋಡುತ್ತಾ ಕೂತಿರುತ್ತಾರೆ. ಮಾತಿಲ್ಲ, ಕತೆಯಿಲ್ಲ. ಯಾರೋ ಒಬ್ಬಳು ಡಬ್ಬಿ ತೆಗೆದು "ತಗೋರಿ" ಅಂದರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಪಕ್ಕದ ರೂಮಿನವರೂ ಬಂದು ಸೇರುತ್ತಾರೆ. ಸುಮ್ನೆ ಹೇಳುತ್ತಿಲ್ಲ, ವರ್ಷ ವರ್ಷ ವರಾಂಡದಲ್ಲಿ ನಿಂತು ನೋಡಿದ್ದೇನೆ.

ಖಾಲಿಯಾದರೆ ಬಸ್ಸಿನಲ್ಲಿ ಬುತ್ತಿ ಕಳಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆಯಲ್ಲ. ಕಳಿಸಿ. ಬಸ್ಸಿನ ನಂಬರು, ಬಿಟ್ಟ ಹೊತ್ತು ಎರಡನ್ನೂ ಫೋನಿನಲ್ಲಿ ಸರಿಯಾಗಿ ಹೇಳಿ. ಪಾಪ, ಬುತ್ತಿಗಂಟಿಗಾಗಿ ಕ್ಲಾಸು ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಹುಡುಗಿಯರಿದ್ದಾರೆ.

ಪ್ರಶ್ನೆ: ಮೈಸೂರಿನಲ್ಲಿ ಬಿಎ ಸೇರಿದ್ದೇನೆ ಮೇಡಂ. ಹಿಂದುಳಿದ ವರ್ಗದ ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದೆ, ಮೊದಲ ಪಟ್ಟಿಯಲ್ಲಿ ಹೆಸರಿಲ್ಲ. ರೂಮು ಮಾಡುವಷ್ಟು ದುಡ್ಡು ಇಲ್ಲ. "ಒಂದು ವರ್ಷ ಮನೇಲಿರು" ಅಂತಾರೆ ನಮ್ಮಪ್ಪ. (ವಿದ್ಯಾರ್ಥಿ, ಕೊಳ್ಳೇಗಾಲ)

ಉತ್ತರ: ಮನೆಯಲ್ಲಿ ಕೂರಬೇಡಪ್ಪ. ಒಂದು ವರ್ಷ ಅಂತ ಕೂತವರು ವಾಪಸು ಕಾಲೇಜಿಗೆ ಬಂದಿದ್ದು ಕಡಿಮೆ.

ಮೊದಲ ಪಟ್ಟಿಯೇ ಕೊನೆಯಲ್ಲ. ಹೆಸರು ಬಂದವರಲ್ಲಿ ಕೆಲವರು ಸೇರುವುದೇ ಇಲ್ಲ. ಯಾರಿಗೋ ಇಂಜಿನಿಯರಿಂಗ್ ಸಿಕ್ಕಿರುತ್ತದೆ, ಯಾರೋ ನೆಂಟರ ಮನೆಯಲ್ಲಿ ಉಳಿದಿರುತ್ತಾರೆ. ಆ ಜಾಗ ಮುಂದಿನ ಪಟ್ಟಿಗೆ ಬರುತ್ತದೆ. ಮೊಬೈಲಿನಲ್ಲಿ ರಾಜ್ಯ ಹಾಸ್ಟೆಲ್ ಪೋರ್ಟಲ್ ನೋಡುತ್ತಾ ಕೂರಬೇಡ. ಮೈಸೂರಿನ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಆಫೀಸಿಗೆ ಹೋಗಿ, ಯಾಕೆ ಬರಲಿಲ್ಲ ಅಂತ ಕೇಳು. ಎಷ್ಟೋ ಸಲ ಅಂಕ ಕಡಿಮೆ ಇರುವುದಿಲ್ಲ, ಕಾಗದ ಸರಿ ಇರುವುದಿಲ್ಲ.

ಕಾಗದದಲ್ಲಿ ನಾನು ಮೊದಲು ನೋಡುವುದು ಜಾತಿ-ಆದಾಯ ಪ್ರಮಾಣಪತ್ರ. ನಮ್ಮ ರಾಜ್ಯದಲ್ಲಿ ಅದು ನಡೆಯುವುದು 5 ವರ್ಷ. ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ಪಿಗೆ ಅಂತ ಮಾಡಿಸಿದ್ದು ಡಿಗ್ರಿಗೆ ಬರುವ ಹೊತ್ತಿಗೆ ಸರಿಯಾಗಿ ಅವಧಿ ಮುಗಿಸಿರುತ್ತದೆ. ನಿನ್ನದರ ತಾರೀಖು ನೋಡು. ಮುಗಿದಿದ್ದರೆ ನಾಡಕಚೇರಿಗೆ ಹೋಗಿ ಹೊಸದು ಮಾಡಿಸು, ಹೊಸ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನೇ ಅರ್ಜಿಯಲ್ಲಿ ಹಾಕು. ಆಮೇಲೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಹೀಗಿದ್ದರೆ ಕಂಪ್ಯೂಟರಿಗೆ ನೀನು ಮೂರು ಜನ.

ಅಷ್ಟಾದರೂ ಸೀಟು ಬರಲಿಲ್ಲ ಅಂದರೆ ವಿದ್ಯಾಸಿರಿ ಇದೆ. ಅರ್ಹತೆ ಇದ್ದೂ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ಅಂತ ವರ್ಷಕ್ಕೆ 10 ತಿಂಗಳ ಲೆಕ್ಕದಲ್ಲಿ ದುಡ್ಡು ಕೊಡುವ ಯೋಜನೆ. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆಗಿದೆ ಅಂತ ನೀನಂದುಕೊಂಡರೆ ಸಾಲದು, ಬ್ಯಾಂಕಿನಲ್ಲೇ ಕೇಳು. ಈ ದುಡ್ಡಿನಲ್ಲಿ ಪೂರ್ತಿ ಖರ್ಚು ತೂಗುವುದಿಲ್ಲ, ಬರುವುದೂ ತಡ. ಅದನ್ನೇ ನಂಬಿ ರೂಮು ಹಿಡಿಯಬೇಡ.

ಅಲ್ಲಿಯವರೆಗೆ ಮೈಸೂರಿನ ಮಠದ ಹಾಸ್ಟೆಲ್, ಸಮುದಾಯದ ಹಾಸ್ಟೆಲ್‌ಗಳಲ್ಲಿ ಹೋಗಿ ಕೇಳು. ಎಲ್ಲವೂ ಒಂದೇ ಜಾತಿಯವರಿಗೆ ಅಂತ ಇರುವುದಿಲ್ಲ. ಸುತ್ತೂರು ಮಠದ ಸಂಸ್ಥೆಗಳು ಮೈಸೂರಿನಲ್ಲೇ ಇವೆ. ಅರ್ಜಿ ಕಳಿಸಿ ಸುಮ್ಮನಾಗಬೇಡ, ಅಪ್ಪನನ್ನೂ ಕರೆದುಕೊಂಡು ಹೋಗು. ಅಪ್ಪ ಎದುರಿಗೆ ಬಂದು ನಿಂತರೆ ಇಲ್ಲ ಅನ್ನುವುದು ಕಷ್ಟ. ನನಗೂ ಕಷ್ಟವಾಗುತ್ತಿತ್ತು.

ಇನ್ನೊಬ್ಬರ ಆಸರೆಯಲ್ಲಿ ಇದ್ದು ಓದುವುದು ಅಂದರೆ ನಿಮ್ಮಪ್ಪನಿಗೆ ಸಂಕೋಚ ಇರಬಹುದು. ನಮ್ಮ ಹಿಂದಿನವರು ವಾರಾನ್ನ ಉಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಕುವೆಂಪು ಅವರು ಮಹಾರಾಜ ಕಾಲೇಜಿನ ದಿನಗಳಲ್ಲಿ ಇದ್ದದ್ದು ಅದೇ ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ. ಅಪ್ಪನಿಗೆ ಇದನ್ನು ಹೇಳು.

ಪ್ರಶ್ನೆ: ಬೆಂಗಳೂರಿನಲ್ಲಿ ಕಾಲೇಜಿಗೆ ಹಾಸ್ಟೆಲ್ ಇಲ್ಲ, ಪಿಜಿ ಹುಡುಕುತ್ತಿದ್ದೇವೆ. ಒಂದು ಕಡೆ ಮೂವರ ರೂಮಿಗೆ ಊಟ ಸೇರಿ ತಿಂಗಳಿಗೆ 9 ಸಾವಿರ, ಎರಡು ತಿಂಗಳ ಅಡ್ವಾನ್ಸು, ಮೇಲೆ ಜಿಎಸ್‌ಟಿ ಬೇರೆ ಅಂತಾರೆ. ಆರು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸು ವಾಪಸಿಲ್ಲವಂತೆ. ಇದು ಸರೀನಾ? (ವಿದ್ಯಾರ್ಥಿನಿ, ಹಾಸನ)

ಉತ್ತರ: ಜಿಎಸ್‌ಟಿ ಮಾತು ಮೊದಲು. 2023ರಲ್ಲಿ ಪಿಜಿ, ಹಾಸ್ಟೆಲ್ ಬಾಡಿಗೆಗೆ ಶೇ. 12 ಜಿಎಸ್‌ಟಿ ಬೀಳುತ್ತದೆ ಅಂತ ನಮ್ಮ ರಾಜ್ಯದ ಮುಂಗಡ ತೀರ್ಪಿನ ಪ್ರಾಧಿಕಾರ (ತೆರಿಗೆ ಬೀಳುತ್ತದೋ ಇಲ್ಲವೋ ಅಂತ ಕೇಳಿದವರಿಗೆ ಮೊದಲೇ ತೀರ್ಪು ಹೇಳುವ ಸಂಸ್ಥೆ) ಹೇಳಿದ್ದು ನಿಜ. ಆದರೆ 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಅದನ್ನು ಬದಲಿಸಿತು. ಒಬ್ಬರಿಗೆ ತಿಂಗಳಿಗೆ 20 ಸಾವಿರದೊಳಗೆ ಇದ್ದು, ಕನಿಷ್ಠ 90 ದಿನ ಬಿಡದೆ ಉಳಿದರೆ ವಸತಿಗೆ ಜಿಎಸ್‌ಟಿ ಇಲ್ಲ. ನಿನ್ನದು 9 ಸಾವಿರ. "ಜಿಎಸ್‌ಟಿ ನಂಬರು ಹಾಕಿದ ಬಿಲ್ಲು ಕೊಡಿ ಅಂಕಲ್" ಅಂತ ಕೇಳಿ ನೋಡು. ಬಹಳ ಕಡೆ ಅಲ್ಲಿಗೇ ಆ ಮಾತು ನಿಲ್ಲುತ್ತದೆ.

ಅಡ್ವಾನ್ಸಿನ ಗಲಾಟೆ ಎಲ್ಲ ಬಿಡುವ ದಿನ ಶುರುವಾಗುವುದು. ಪೇಂಟಿಂಗಿಗೆ ಅಷ್ಟು, ಮೆಂಟೆನೆನ್ಸಿಗೆ ಇಷ್ಟು, ನೋಟಿಸ್ ಕೊಡಲಿಲ್ಲ ಅಂತ ಮತ್ತಷ್ಟು. ಅದಕ್ಕೇ ದುಡ್ಡು ಕೊಡುವ ಮೊದಲು ಕಾಗದದ ಮೇಲೆ ಬರೆಸಿಕೋ: ಅಡ್ವಾನ್ಸು ಎಷ್ಟು, ಬಿಡುವಾಗ ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನದ ನೋಟಿಸು, ಕರೆಂಟ್ ಬಿಲ್ಲು ಒಳಗೋ ಹೊರಗೋ. ಆರು ತಿಂಗಳ ಷರತ್ತು ಹಾಕುವವರನ್ನು ನಾನಾದರೆ ಬಿಟ್ಟುಬಿಡುತ್ತೇನೆ. ಬೆಂಗಳೂರಿನಲ್ಲಿ ಒಂದೇ ರಸ್ತೆಯಲ್ಲಿ ಹತ್ತು ಪಿಜಿ ಇರುವಾಗ ಅವರದೇ ಯಾಕೆ? ದುಡ್ಡು ಕೈಯಲ್ಲಿ ಕೊಡಬೇಡ, ಫೋನಿನಲ್ಲೇ ಕಳಿಸು, ದಾಖಲೆ ಉಳಿಯುತ್ತದೆ.

ಇನ್ನು ನೋಡಲು ಹೋಗುವುದು. ಎಲ್ಲರೂ ಭಾನುವಾರ ಮಧ್ಯಾಹ್ನ ಹೋಗುತ್ತಾರೆ. ಆಗ ಅರ್ಧ ಜನ ಊರಿಗೆ ಹೋಗಿರುತ್ತಾರೆ, ನೆಲ ಒರೆಸಿರುತ್ತಾರೆ, ಚಿಕನ್ನೋ ಪಾಯಸವೋ ಬೆಂದಿರುತ್ತದೆ. ನೀನು ವಾರದ ದಿನ ಬೆಳಗ್ಗೆ ಏಳೂವರೆಗೆ ಹೋಗು. ಬಾತ್‌ರೂಮಿನ ಮುಂದೆ ಎಷ್ಟು ಜನ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ ನೋಡು. ಮಾಲೀಕರ ಜೊತೆ ಮಾತು ಆಮೇಲೆ, ಮೊದಲು ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬರುವ ಹುಡುಗಿಯನ್ನು ಕೇಳು. ಬಿಸಿನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಭಾನುವಾರ ರಾತ್ರಿ ಊಟ ಇದೆಯೋ ಇಲ್ಲವೋ, ಮಾರ್ಚ್-ಏಪ್ರಿಲ್‌ನಲ್ಲಿ ನೀರಿನ ಕತೆ ಏನು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಹೇಗೆ ಒದ್ದಾಡಿತು ಅಂತ ಎಲ್ಲರೂ ನೋಡಿದ್ದೇವಲ್ಲ. ಟ್ಯಾಂಕರ್ ಬಂದಾಗ ಅದರ ದುಡ್ಡನ್ನು ಹುಡುಗಿಯರ ತಲೆಗೆ ಹಾಕಿದರೋ ಅಂತಲೂ ಕೇಳು.

ಅದೇ 2024ರಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು. ಬರುವ ಹೋಗುವ ದಾರಿಯಲ್ಲಿ ಸಿಸಿ ಕ್ಯಾಮೆರಾ, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಹಾಯವಾಣಿಯ ಬೋರ್ಡು. ನಿನ್ನ ರೂಮನ್ನು ಹೆಜ್ಜೆಯಲ್ಲೇ ಅಳೆದು ನೋಡು. ಮೂವರಿಗೆ 210 ಚದರ ಅಡಿ ಅಂದರೆ ಸುಮಾರು 14 ಅಡಿ ಉದ್ದ, 15 ಅಡಿ ಅಗಲ. ಬಾಗಿಲು ತೆಗೆದರೆ ಕಾಟಿಗೆ ಬಡಿಯುವ ರೂಮು ಆ ಲೆಕ್ಕಕ್ಕೆ ಹೇಗೆ ಬರುತ್ತದೆ?

ಪ್ರಶ್ನೆ: ರೂಮ್‌ಮೇಟ್ ರಾತ್ರಿ ಎರಡರವರೆಗೆ ವಿಡಿಯೊ ಕಾಲ್‌ನಲ್ಲಿ ಇರುತ್ತಾಳೆ. ನನಗೆ ನಿದ್ದೆ ಇಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಭಯ. (ದಾವಣಗೆರೆ)

ಉತ್ತರ: ಹೇಳದೆ ಇದ್ದರೆ ಅವಳಿಗೆ ಗೊತ್ತಾಗುವುದು ಹೇಗೆ? ರಾತ್ರಿ ಎರಡಕ್ಕೆ ಹೇಳಬೇಡ, ಆಗ ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಚುಚ್ಚುವುದಂತೂ ಬೇಡವೇ ಬೇಡ. ಸಂಜೆ ಚಹಾಕ್ಕೆ ಹೋದಾಗ, "ಹನ್ನೊಂದಾದ ಮೇಲೆ ಟೆರೇಸಿಗೋ ವರಾಂಡಕ್ಕೋ ಹೋಗಿ ಮಾತಾಡ್ತೀಯಾ, ನನಗೆ ಎಂಟಕ್ಕೆ ಪ್ರಾಕ್ಟಿಕಲ್ ಇದೆ" ಅಂತ ನೇರ ಕೇಳು. ಎರಡು ಸಲ ಕೇಳಿಯೂ ಕೇಳದಿದ್ದರೆ ವಾರ್ಡನ್ ಹತ್ತಿರ ಹೋಗು. ಹೋದಾಗ ಅವಳು ಯಾರ ಜೊತೆ ಮಾತಾಡುತ್ತಾಳೆ ಅನ್ನುವ ವರದಿ ಮಾತ್ರ ಒಪ್ಪಿಸಬೇಡ. ರೂಮು ಬದಲಿಸಿಕೊಡಿ ಅಂತಷ್ಟೇ ಕೇಳು.

ಪ್ರಶ್ನೆ: ಮಗಳನ್ನು ಮಂಗಳೂರಿನಲ್ಲಿ ನರ್ಸಿಂಗಿಗೆ ಸೇರಿಸಿ ಮೂರು ವಾರವಾಯಿತು. ದಿನಾ ಸಂಜೆ ಫೋನು ಮಾಡಿ ಅಳುತ್ತಾಳೆ, "ಕರ್ಕೊಂಡು ಹೋಗಿ" ಅಂತಾಳೆ. ಅವಳಮ್ಮನೂ ಅಳುತ್ತಾಳೆ. ನನಗೆ ತಲೆ ಕೆಟ್ಟುಹೋಗಿದೆ. (ತಂದೆ, ಚಳ್ಳಕೆರೆ)

ಉತ್ತರ: ಸಂಜೆ ಅಳುತ್ತಾಳೆ ಅಂದಿರಿ. ಬೆಳಗ್ಗೆ? ಮಧ್ಯಾಹ್ನ? ಹಾಸ್ಟೆಲ್‌ನಲ್ಲಿ ಸಂಜೆ ಆರರಿಂದ ಎಂಟು ಬಹಳ ಕೆಟ್ಟ ಹೊತ್ತು. ಕ್ಲಾಸು ಮುಗಿದಿರುತ್ತದೆ, ಊಟದ ಗಂಟೆ ಹೊಡೆದಿರುವುದಿಲ್ಲ, ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಆಗ ಮೆಟ್ಟಿಲ ಮೇಲೆ ಸಾಲಾಗಿ ಕೂತು ಫೋನು ಕಿವಿಗಿಟ್ಟುಕೊಂಡು ಅಳುವ ಹುಡುಗಿಯರೇ ಒಂಬತ್ತಕ್ಕೆ ಮೆಸ್ಸಿನಲ್ಲಿ ಸಾರಿಗೆ ಉಪ್ಪಿಲ್ಲ ಅಂತ ನಗುತ್ತಿರುತ್ತಾರೆ. ನಿಮಗೆ ಆ ಒಂಬತ್ತರ ಹುಡುಗಿ ಕಾಣುವುದಿಲ್ಲ, ಅಷ್ಟೇ.

ಫೋನಿನ ಹೊತ್ತನ್ನು ಊಟದ ನಂತರಕ್ಕೆ ಸರಿಸಿ. ಆರಕ್ಕೆ ಮಾಡಿದರೆ "ಊಟ ಮಾಡಿ ಮಾತಾಡೋಣ ಮಗಾ" ಅನ್ನಿ. ಮನೆಯಾಕೆಗೆ ಹೇಳಿ, ಇವತ್ತು ಒಬ್ಬಟ್ಟು ಮಾಡಿದ್ದೆ, ನಿನ್ನ ಹಸು ಕರು ಹಾಕಿತು, ಅಜ್ಜಿ ನಿನ್ನದೇ ಜಪ ಅಂತೆಲ್ಲ ಫೋನಿನಲ್ಲಿ ಬೇಡ. ಮಗಳು ಏನು ಮಾಡಿದಳು ಅಂತ ಕೇಳಲಿ. ಪಕ್ಕದ ಕಾಟಿನ ಹುಡುಗಿಯ ಹೆಸರೇನು, ಯಾವ ಊರಿನವಳು, ವಾರ್ಡಿನಲ್ಲಿ ಏನು ಕಲಿಸಿದರು.

ನೋಡಲು ಹೋಗುವ ದಿನವನ್ನು ಮೊದಲೇ ಹೇಳಿ, ಆ ದಿನವೇ ಹೋಗಿ. ಅವಳು ಅತ್ತ ದಿನವೇ ಬಸ್ಸು ಹತ್ತಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿ, ಶನಿವಾರ ಬಂದರೆ ಹಾಸ್ಟೆಲ್ ಖಾಲಿ. ಬಡ ಮನೆಯ ಮಕ್ಕಳಿಗೆ ಅದು ಬಲು ದೊಡ್ಡ ಅನುಕೂಲ, ನನಗೆ ಖುಷಿಯೇ. ಆದರೆ ಮೊದಲ ಎರಡು ತಿಂಗಳು ವಾರವಾರ ಊರಿಗೆ ಓಡುವ ಹುಡುಗಿಗೆ ಪ್ರತಿ ಸೋಮವಾರವೂ ಮೊದಲ ದಿನವೇ.

ಈಗ ಇನ್ನೊಂದು ಮಾತು, ಇದನ್ನು ಗಮನ ಇಟ್ಟು ಓದಿ. ಗಟ್ಟಿಯಾಗಿ ಅಳುವ ಹುಡುಗಿಯ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಮಾತು ಕಡಿಮೆ ಮಾಡಿದರೆ, ಯಾರೋ ಕೇಳಿಸಿಕೊಳ್ಳುತ್ತಾರೆ ಅನ್ನುವ ಹಾಗೆ ದನಿ ತಗ್ಗಿಸಿದರೆ, ಮೆಸ್ಸಿಗೆ ಹೋಗದೆ ಬಿಸ್ಕತ್ತಿನಲ್ಲೇ ಇದ್ದರೆ, ಕಾರಣ ಹೇಳದೆ ಮತ್ತೆ ಮತ್ತೆ ದುಡ್ಡು ಕೇಳಿದರೆ, ಆಗ ಕಾಯಬೇಡಿ, ಹೇಳದೆ ಕೇಳದೆ ಹೋಗಿ. ಸೀನಿಯರ್‌ಗಳ ಕಾಟ ಇದ್ದರೆ ಮಕ್ಕಳು ಮನೆಯಲ್ಲಿ ಹೇಳುವುದು ಕೊನೆಗೆ. ಅಡ್ಮಿಷನ್ ದಿನ ನೀವೂ ಮಗಳೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಬರೆದುಕೊಟ್ಟಿರುತ್ತೀರಿ. ಓದದೇ ಸಹಿ ಹಾಕಿದ್ದೀರಿ, ಅಲ್ವಾ? ಯುಜಿಸಿಯ 2009ರ ನಿಯಮದ ಪ್ರಕಾರ ಸೀನಿಯರ್‌ಗಳೂ ಅದನ್ನೇ ಬರೆದುಕೊಟ್ಟಿರಬೇಕು. ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ, ಹೆಸರು ಹೇಳಲು ಇಷ್ಟವಿಲ್ಲದಿದ್ದರೂ ದೂರು ಕೊಡಬಹುದು. ರ‍್ಯಾಗಿಂಗ್ ಏನಿಲ್ಲ, ಆದರೂ ಮನಸ್ಸು ಕುಗ್ಗಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಅವಳೇ ಫೋನು ಮಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮನೆಯಾಕೆಗೂ ಬೇಕಾದೀತು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ ಗೇಟು ಏಳಕ್ಕೆ ಬಂದ್, ಹುಡುಗರದ್ದು ಹತ್ತಕ್ಕೆ. ಲೈಬ್ರರಿ ಇರುವುದು ಒಂಬತ್ತರವರೆಗೆ. ನೀವು ವಾರ್ಡನ್ ಆಗಿದ್ದವರು, ಇದಕ್ಕೆ ಏನಂತೀರಿ? (ಎಂಎ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ, ಯಾಕೆಂದರೆ ಅದಕ್ಕೆ ಸರಿಯಾದ ಕಾರಣವೇ ಇಲ್ಲ. ಏಳೂ ಕಾಲಿಗೆ "ನಮ್ಮ ಹುಡುಗಿ ಒಳಗೆ ಬಂದಳಾ?" ಅಂತ ಹುಡುಗಿಯರ ಅಪ್ಪಂದಿರು ಫೋನು ಮಾಡುತ್ತಾರೆ. ಹುಡುಗರ ಅಪ್ಪಂದಿರು ಮಾಡುವುದಿಲ್ಲ. ಗೇಟಿನ ಹೊತ್ತು ನಿಗದಿಯಾಗುವುದು ಆ ಫೋನಿನಿಂದ. ದಿಲ್ಲಿಯಲ್ಲಿ 2015ರಲ್ಲಿ ಹುಡುಗಿಯರು 'ಪಿಂಜ್ರಾ ತೋಡ್' (ಪಂಜರ ಮುರಿಯಿರಿ) ಅಂತ ಇದೇ ವಿಷಯಕ್ಕೆ ಬೀದಿಗೆ ಇಳಿದಿದ್ದರು.

ನೀವು ವಾರ್ಡನ್ ಜೊತೆ ಜಗಳ ಆಡಬೇಡಿ, ಅವಳ ಕೈಯಲ್ಲಿ ಇರುವುದು ಕೀಲಿಕೈ ಮಾತ್ರ, ಹೊತ್ತು ಬರೆದವರು ಬೇರೆ. ಅರ್ಜಿ ಪ್ರಿನ್ಸಿಪಾಲರಿಗೆ ಕೊಡಿ. ಸ್ವಾತಂತ್ರ್ಯ, ಸಮಾನತೆ ಅಂತ ಎರಡು ಪುಟ ಬರೆದರೆ ಫೈಲಿಗೆ ಹೋಗುತ್ತದೆ. "ಲೈಬ್ರರಿ ಒಂಬತ್ತಕ್ಕೆ ಮುಚ್ಚುತ್ತದೆ, ನಡೆಯಲು 15 ನಿಮಿಷ, ಒಂಬತ್ತೂ ಕಾಲರವರೆಗೆ ಲೈಬ್ರರಿ ರಿಜಿಸ್ಟರಿನಲ್ಲಿ ಸಹಿ ಮಾಡಿದವರಿಗೆ ಗೇಟು ತೆಗೆಯಬೇಕು, ದಾರಿಯಲ್ಲಿ ಕೆಟ್ಟಿರುವ ಬೀದಿ ದೀಪ ಸರಿ ಮಾಡಿಸಬೇಕು" ಅಂತ ಬರೆದರೆ ಇಲ್ಲ ಅನ್ನಲು ಅವರೂ ಕಾರಣ ಹುಡುಕಬೇಕಾಗುತ್ತದೆ. ಜೊತೆಗೆ ಹತ್ತಿಪ್ಪತ್ತು ತಂದೆತಾಯಿಯರ ಒಪ್ಪಿಗೆ ಪತ್ರ ಲಗತ್ತಿಸಿ. ಪ್ರಿನ್ಸಿಪಾಲರಿಗೆ ಭಯ ಇರುವುದು ನಿಮ್ಮದಲ್ಲ, ನಿಮ್ಮ ಅಪ್ಪಂದಿರದು.

ಪ್ರಶ್ನೆ: ರೂಮಿನಲ್ಲಿ ಕದ್ದು ಕೆಟಲ್ ಇಟ್ಟುಕೊಂಡು ಮ್ಯಾಗಿ ಮಾಡಿದರೆ ವಾರ್ಡನ್‌ಗೆ ಹೇಗೆ ಗೊತ್ತಾಗುತ್ತದೆ? (ಹೆಸರು, ಊರು ಎರಡೂ ಬೇಡ)

ಉತ್ತರ: ಮಸಾಲೆ ಪುಡಿಯ ವಾಸನೆ ಎರಡು ಮಹಡಿ ಇಳಿದು ಬರುತ್ತದೆ ಮಗಳೇ. ಕೆಟಲ್ ಸರಿ, ಅದು ತಾನೇ ಆಫ್ ಆಗುತ್ತದೆ, ಕೆಲವು ವಾರ್ಡನ್‌ಗಳು ಕಂಡೂ ಕಾಣದ ಹಾಗೆ ಹೋಗುತ್ತಾರೆ. ಆದರೆ ಬಕೆಟ್ಟಿನ ನೀರಿಗೆ ಕಾಯಿಲ್ ಇಳಿಬಿಟ್ಟು ಸ್ವಿಚ್ ಹಾಕಿ ಆಚೆ ಹೋಗುತ್ತೀರಲ್ಲ, ಅದು ಬೇಡ. ಅದು ಸಿಕ್ಕರೆ ನಾನು ವಾಪಸು ಕೊಡುತ್ತಲೇ ಇರಲಿಲ್ಲ.